ಹಗಲಲ್ಲಿ ಹಸಿರು ದೀಪ

ಫೆಬ್ರವರಿ 9

ಪ್ರೀತಿಯ ಮಾವನಿಗೆ ನಮಸ್ಕಾರಗಳು.

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದ ಅಮ್ಮನ ಕಣ್ಣಿಗೆ ಬೀಳಬಾರದು.

ಪಾದ್ರಿ ಓದಿಗೆಂದು ನಾನು ಗುರುಮಠಕ್ಕೆ ಹೊರಟ ದಿನ ಸ್ಟೇಷನ್ನಿನಲ್ಲಿ ನೀವು ಏನು ಹೇಳಿದ್ದಿರಿ ನೆನಪಿದೆಯೇ? “ಯೇಸುವಿನ ಕಥೆ ಬರೆದವರು ನಾಲ್ಕು ಜನ, ನಾಲ್ಕು ಜನರದ್ದೂ ನಾಲ್ಕು ದಾರಿ. ಪಾದ್ರಿಯಾಗಿ ಯಾರ ಮಾತು ಒಪ್ಪಿಸ್ತೀಯೋ ನೋಡೇ ಬಿಡ್ತೀನಿ” ಎಂದು ಇಡೀ ಪ್ಲಾಟ್‌ಫಾರಂಗೆ ಕೇಳುವ ಹಾಗೆ ಕೂಗಿದ್ದಿರಿ. ಅಮ್ಮ ಸ್ವಂತ ಅಣ್ಣನ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದಳು. ಅದಾಗಿ ಎಂಟು ವರ್ಷ. ನೀವು ಗೆದ್ದಿರಿ, ಮಾವ.

ಈ ವರ್ಷ ನಾಲ್ಕೂ ಸುವಾರ್ತೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಇತಿಹಾಸದ ಕಣ್ಣಲ್ಲಿ ಓದುತ್ತಿದ್ದೇವೆ. ಯೇಸು ಸತ್ತ ಮೂರನೆಯ ದಿನ, ಭಾನುವಾರ ಬೆಳಿಗ್ಗೆ, ಅವನ ಸಮಾಧಿಗೆ ಹೋಗಿ ಅದು ಖಾಲಿ ಇದ್ದುದನ್ನು ಕಂಡ ಹೆಂಗಸು ಒಬ್ಬಳೇ ಎನ್ನುವಂತೆ ಒಬ್ಬ ಬರೆಯುತ್ತಾನೆ. ಇನ್ನೊಬ್ಬ ಇಬ್ಬರು ಎನ್ನುತ್ತಾನೆ, ಮತ್ತೊಬ್ಬ ಮೂವರು. ಅಲ್ಲಿ ಕಂಡವನು ಬಿಳಿ ಬಟ್ಟೆಯ ಯುವಕ, ಅಲ್ಲ, ಇಬ್ಬರು ಗಂಡಸರು, ಅಲ್ಲ, ದೇವದೂತ. ಬರೆದದ್ದಾದರೂ ಯಾವಾಗ? ನಡೆದು ನಲವತ್ತು ವರ್ಷಕ್ಕೋ ಎಪ್ಪತ್ತು ವರ್ಷಕ್ಕೋ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ.

ಜೂನ್ 28ಕ್ಕೆ ನನ್ನ ದೀಕ್ಷೆ. ಮೇ 31ರೊಳಗೆ ನಮ್ಮ ಗುರುಮಠದ ಮುಖ್ಯಸ್ಥರಾದ ರೆಕ್ಟರ್ ಕೈಗೆ ಒಪ್ಪಿಗೆ ಪತ್ರ ಕೊಡಬೇಕು. ಕೊಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಅಮ್ಮನಿಗೆ ಮೆಲ್ಲಗೆ ಹೇಳುವ ಕೆಲಸ ನಿಮ್ಮದು. ಇಷ್ಟು ಸಂತೋಷದಿಂದ ಹೇಳುವವರು ಬೇರೆ ಯಾರೂ ಸಿಗಲಿಲ್ಲ.

ನಿಮ್ಮ ಅಳಿಯ


ಫೆಬ್ರವರಿ 17

ಅಳಿಯ ದೇವರಿಗೆ,

ಕಾಗದ ಬಂತು. ಮೂರು ಸಲ ಓದಿದೆ. ಮೆಲ್ಲಗೆ ಹೇಳೋ ಕೆಲಸ ನನಗೆ ಕೊಟ್ಟಿದ್ದೀಯಲ್ಲ, ಜನ್ಮದಲ್ಲಿ ಒಂದು ಮಾತನ್ನಾದರೂ ಮೆಲ್ಲಗೆ ಹೇಳಿದ್ದೀನೇನೋ ನಾನು? ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ತಪ್ಪಿದ್ದರೆ ನುಂಗಿಕೊಂಡು ಓದು, ಕೆಂಪು ಪೆನ್ನು ಹಿಡಿದು ಕೂರಬೇಡ.

ಮೊದಲು ಒಂದು ಪ್ರಶ್ನೆ. ಹುಡುಗಿ ವಿಷಯಾನಾ? ಹೌದಾದರೆ ಹೌದು ಅನ್ನು. ಅದಕ್ಕೆ ಸಮಾಧಿ, ದೇವದೂತ ಅಂತೆಲ್ಲ ಊರು ಸುತ್ತಿ ಬರಬೇಡ.

ಅಲ್ಲ ಅಂದರೆ ಮುಂದೆ ಓದು. “ನೀವು ಗೆದ್ದಿರಿ” ಅಂತ ಬರೆದಿದ್ದೀಯ. ಆ ಒಂದು ಮಾತಿಗೆ ಎಂಟು ವರ್ಷದಿಂದ ಬಾಯಿ ಬಿಟ್ಟುಕೊಂಡು ಕಾದಿದ್ದೆ. ಬಂದಾಗ ಉಪ್ಪಿಲ್ಲದ ಸಾರು ಕುಡಿದ ಹಾಗಾಯಿತು. ಯಾಕೆ ಅಂತ ಎರಡು ದಿನ ತಲೆ ಕೆರೆದುಕೊಂಡೆ. ಕೊನೆಗೆ ಗೊತ್ತಾಯಿತು. ಆವತ್ತು ಸ್ಟೇಷನ್ನಿನಲ್ಲಿ ನಾನು ಹೇಳಿದ್ದು ತಪ್ಪು ಕಣೋ. ಬೇರೆ ಯಾರು ಹೇಳಿದ್ದರೂ ಪರವಾಗಿಲ್ಲ, ರೈಲ್ವೆಯಲ್ಲಿ ಮೂವತ್ತೈದು ವರ್ಷ ಹಳಿ ಬದಲಿಸೋ ಲಿವರ್ ಎಳೆದವನು ಹೇಳಬಾರದಾಗಿತ್ತು.

ಕುರಿ ಗಾಡಿ ಕಥೆ ಚಿಕ್ಕಂದಿನಿಂದ ಕೇಳಿದ್ದೀಯ. ಮಧ್ಯಾಹ್ನ ಹನ್ನೆರಡೂಕಾಲು, ಲಿವರ್ ಕಚ್ಚಿಕೊಂಡು ಅಲ್ಲಾಡಲಿಲ್ಲ, ಗೂಡ್ಸ್ ಗಾಡಿ ಪಕ್ಕದ ಹಳಿಗೆ ನುಗ್ಗಿ ಹಳಿ ಮುಗಿಯೋ ಕಡೆ ಅಡ್ಡ ಇಟ್ಟಿದ್ದ ದಿಮ್ಮಿಗೆ ಗುದ್ದಿತು. ಕುರಿ ತುಂಬಿದ್ದ ಡಬ್ಬಿಯ ಬಾಗಿಲು ಕಿತ್ತುಹೋಗಿ ಕುರಿಗಳೆಲ್ಲ ಮೊದಲ ದರ್ಜೆಯ ವೇಟಿಂಗ್ ರೂಮಿಗೆ ನುಗ್ಗಿದವು. ಅಷ್ಟು ನಿನಗೆ ಗೊತ್ತು. ಆಮೇಲೆ ನಡೆದ ವಿಚಾರಣೆ ಗೊತ್ತಿಲ್ಲ.

ರೈಲ್ವೆಯಲ್ಲಿ ಏನು ಆದರೂ ಪ್ರತಿಯೊಬ್ಬ ಬೇರೆ ಬೇರೆ ಹೇಳಿಕೆ ಬರೆದುಕೊಡಬೇಕು. ನಾವು ನಾಲ್ಕು ಜನ: ಡ್ರೈವರು, ಗಾರ್ಡು, ಗೇಟಿನವನು, ನಾನು. ಬುದ್ಧಿವಂತರಲ್ಲವಾ, ಒಂದೇ ಬೆಂಚಿನ ಮೇಲೆ ಕೂತು ಒಂದೇ ಹೇಳಿಕೆಯನ್ನ ನಾಲ್ಕು ಹಾಳೆಗೆ ಇಳಿಸಿದೆವು. ಗಾರ್ಡಿನ ಹತ್ತಿರ ಹಳೇ ಅಪಘಾತದ ಕಾಗದವೊಂದಿತ್ತು, ಮಾತುಗಾರಿಕೆಗೆ ಅಂತ ಅದನ್ನ ಮುಂದೆ ಇಟ್ಟುಕೊಂಡೆವು. ಚಂದವಾಗಿ ಬಂತು. ಅಲ್ಪವಿರಾಮ ಸಮೇತ ನಾಲ್ಕೂ ಒಂದೇ.

ವಿಚಾರಣೆಯ ಆಫೀಸರು ಒಣಕಲು ಆಸಾಮಿ. ನಾಲ್ಕೂ ಓದಿ ಕನ್ನಡಕ ತೆಗೆದ. “ನಾಲ್ಕು ಜನಕ್ಕೂ ಸೇರಿ ಒಂದೇ ಜೊತೆ ಕಣ್ಣೇನ್ರಯ್ಯ?” ಅಂದ. “ಸಿಗ್ನಲ್ ದೀಪ ಹಸಿರಾಗಿ ಉರಿಯುತ್ತಿತ್ತು ಅಂತ ನಾಲ್ಕು ಜನವೂ ಬರೆದಿದ್ದೀರಿ. ಮಧ್ಯಾಹ್ನ ಹನ್ನೆರಡೂಕಾಲಿಗೆ ಕೈಮರದ ದೀಪ ಹಚ್ಚಿದ ಪುಣ್ಯಾತ್ಮ ಯಾರು?”

ಹಳೇ ಕಾಗದದ ಅಪಘಾತ ಕತ್ತಲಲ್ಲಿ ಆಗಿದ್ದು. ಹಗಲಲ್ಲಿ ಸಿಗ್ನಲ್ ಕಂಬದ ಕೈ ಎತ್ತಿದೆಯಾ ಇಳಿದಿದೆಯಾ ಅಷ್ಟೇ ನೋಡೋದು, ದೀಪಕ್ಕೆ ಎಣ್ಣೆ ಹಾಕೋದೇ ಸಂಜೆ. ನಾಲ್ಕು ಕತ್ತೆಗಳು ಒಂದೇ ದೀಪ ಹಚ್ಚಿದ್ದೆವು.

ನಾಲ್ಕನ್ನೂ ಹರಿದು ಹಾಕಿ, ನಾಲ್ಕು ಕೋಣೆಯಲ್ಲಿ ಕೂಡಿಸಿ ಮತ್ತೆ ಬರೆಸಿದ. ಡ್ರೈವರು ನಲವತ್ತು ಕುರಿ ಅಂದ, ಗಾರ್ಡು ಇನ್ನೂರು ಅಂದ. ಗೇಟಿನವನು ಕುರಿಗಳ ಹಿಂದೆ ಒಂದು ಕರೀ ನಾಯಿ ಓಡಿತು ಅಂತ ಬರೆದ, ಆ ನಾಯಿಯನ್ನ ಇನ್ನು ಯಾವ ಮನುಷ್ಯನೂ ಕಂಡಿಲ್ಲ. ಆಫೀಸರು ಓದಿ ಮೊದಲ ಸಲ ನಕ್ಕ. “ಹಾಂ, ಈಗ ನಂಬಿಕೆ ಬಂತು. ಕುರಿ ಇದ್ದದ್ದು ನಿಜ.”

ಅದಕ್ಕೇ ಹೇಳ್ತೀನಿ. ನಿನ್ನ ನಾಲ್ವರು ಒಂದೇ ಥರ ಬರೆದಿದ್ದರೆ ಬಿಟ್ಟು ಬಾ ಅಂತ ನಾನೇ ಹೇಳುತ್ತಿದ್ದೆ. ಹೆಂಗಸರು ಒಬ್ಬಳಾ ಮೂವರಾ ಅನ್ನೋ ಜಗಳ ಇದೆ ಅಂದರೆ ಯಾರೋ ಹೋಗಿದ್ದಂತೂ ಖರೆ. ನಿಮ್ಮಮ್ಮನಿಗೆ ಏನೂ ಹೇಳಿಲ್ಲ. ಅವಳು ಆಗಲೇ ನಿನ್ನ ಬಿಳಿ ನಿಲುವಂಗಿಗೆ ಬಟ್ಟೆ ತಂದು ಹೊಲಿಗೆ ಮಿಷನ್ನಿನ ಮೇಲೆ ಇಟ್ಟಿದ್ದಾಳೆ. ನಾನು ಯಾವ ಬಾಯಲ್ಲಿ ಹೇಳಲಿ?

ಮಾವ


ಮಾರ್ಚ್ 3

ಪ್ರೀತಿಯ ಮಾವ,

ಹುಡುಗಿ ಇಲ್ಲ. ಇದ್ದಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ.

ನಿಮ್ಮ ಹಸಿರು ದೀಪವನ್ನು ಊಟದ ಹೊತ್ತಿನಲ್ಲಿ ಗೆಳೆಯರಿಗೆ ಓದಿ ಹೇಳಿದೆ. ನಕ್ಕು ನಕ್ಕು ಒಬ್ಬನಿಗೆ ಸಾರು ನೆತ್ತಿಗೇರಿತು. ಆದರೆ ಮಾವ, ನಿಮ್ಮ ಹಗ್ಗ ನಿಮ್ಮ ಕಾಲಿಗೇ ಸುತ್ತಿಕೊಂಡಿದೆ. ನಾಲ್ವರಲ್ಲಿ ಮೂವರು ಅನೇಕ ಕಡೆ ಮಾತಿಗೆ ಮಾತು ಒಂದೇ ಬರೆದಿದ್ದಾರೆ. ಎಲ್ಲಕ್ಕಿಂತ ಚಿಕ್ಕ ಪುಸ್ತಕವೇ ಮೊದಲು ಬಂದದ್ದು, ಉಳಿದಿಬ್ಬರು ಅದನ್ನು ಎದುರಿಗಿಟ್ಟುಕೊಂಡು ಬರೆದರು ಎಂಬುದು ಹೆಚ್ಚಿನವರ ಅಭಿಪ್ರಾಯ. ಅಂದರೆ ಅದೇ ಬೆಂಚು, ಅದೇ ಹಳೇ ಕಾಗದ. ನಿಮ್ಮ ಒಣಕಲು ಆಫೀಸರ ಮುಂದೆ ಈ ಮೂವರನ್ನು ನಿಲ್ಲಿಸಿದರೆ ಏನಾಗುತ್ತದೆ?

ಇನ್ನೊಂದು ಮಾತು. ಸುವಾರ್ತೆಗಳಿಗಿಂತ ಹಳೆಯವು ಕೆಲವು ಕಾಗದಗಳು. ಗುಡಾರ ಹೊಲಿಯುವ ಕಸುಬಿನವನೊಬ್ಬ ದೂರದೂರದ ಕ್ರೈಸ್ತ ಸಭೆಗಳಿಗೆ ಬರೆದದ್ದು. ಮಹಾ ಮುಂಗೋಪಿ, ಒಂದು ಕಾಗದವನ್ನಂತೂ ಬೈಯುತ್ತಲೇ ಶುರು ಮಾಡುತ್ತಾನೆ. ಸತ್ತು ಮತ್ತೆ ಎದ್ದು ಬಂದ ಯೇಸುವನ್ನು ಕಂಡವರ ಪಟ್ಟಿಯನ್ನೂ ಅವನು ಕೊಡುತ್ತಾನೆ. ಆದರೆ ಸಮಾಧಿಗೆ ಹೋದ ಹೆಂಗಸರ ಸುದ್ದಿಯೇ ಆ ಪಟ್ಟಿಯಲ್ಲಿಲ್ಲ. ಹಾಗಾದರೆ ಆ ಹೆಂಗಸರನ್ನು ಆಮೇಲೆ ಕಥೆಗೆ ಸೇರಿಸಿದರೇ?

ಇದಕ್ಕೆ ಉತ್ತರ ಇದ್ದರೆ ಬರೆಯಿರಿ. ಇಲ್ಲದಿದ್ದರೆ ಅಮ್ಮನಿಗೆ ಹೇಳಿಬಿಡಿ, ಆ ಬಟ್ಟೆಗೆ ಇನ್ನೂ ಕತ್ತರಿ ಬಿದ್ದಿರಲಿಕ್ಕಿಲ್ಲ.

ನಿಮ್ಮ ಅಳಿಯ


ಮಾರ್ಚ್ 29

ಅಳಿಯ ದೇವರಿಗೆ,

ಉತ್ತರ ತಡವಾಯಿತು. ಓದುತ್ತಿದ್ದೆ. ಏನನ್ನ ಅಂತ ಕೇಳಬೇಡ. ಕೇಳದಿದ್ದರೂ ಹೇಳ್ತೀನಿ, ನಿನ್ನ ನಾಲ್ಕನ್ನೂ. ನಿಮ್ಮಮ್ಮನ ಕಪಾಟಿನಿಂದ ಪುಸ್ತಕ ತೆಗೆಯುವಾಗ ಅವಳು ಬಾಗಿಲಲ್ಲೇ ನಿಂತಿದ್ದಳು. “ಇದು ನಿನಗ್ಯಾಕೋ ಅಣ್ಣ?” ಅಂದಳು. “ಮೇಜು ಕುಂಟುತ್ತೆ, ಕಾಲ ಕೆಳಗಿಡೋಕೆ” ಅಂದುಬಿಟ್ಟೆ. ಒಂದು ವಾರ ಊಟ ಬಡಿಸಿದಳು, ಮಾತು ಬಡಿಸಲಿಲ್ಲ.

ಅವಳ ಎದುರು ಓದೋ ಹಾಗಿಲ್ಲ. ಪೇಪರಿನಲ್ಲಿ ಸುತ್ತಿಕೊಂಡು ಕಟಿಂಗ್ ಶಾಪಿಗೆ ಹೋಗಿ ಬೆಂಚಿನ ಮೂಲೆಯಲ್ಲಿ ಕೂತು ಓದಿದೆ. ಆ ಶಾಪಿನವನ ಬಾಯಿ ನಿನಗೆ ಗೊತ್ತಲ್ಲ, ಕತ್ತರಿ ನಿಂತರೂ ಅದು ನಿಲ್ಲಲ್ಲ. ಈಗ ಬೀದಿಯಲ್ಲಿ ಎಲ್ಲರೂ “ಯಜಮಾನರೇ, ಕೊನೆಗೂ ದಾರಿಗೆ ಬಂದಿರಂತೆ” ಅಂತಾರೆ. ನಿನ್ನೆ ಹಾಲಿನವಳು ಕೈ ಹಿಡಿದು ಕಣ್ಣೀರು ಹಾಕಿದಳು. ನಿನ್ನಿಂದ ನನಗೆ ಏನೇನು ಕರ್ಮ ನೋಡು. ಕಟಿಂಗ್ ಅರ್ಧ ಆಗಿರುವಾಗಲೇ ಎದ್ದು ಅವನ ಜೊತೆ ಜಗಳ ಮಾಡಿದೆ. ಅರ್ಧ ತಲೆಯಲ್ಲೇ ಎರಡು ದಿನ ಓಡಾಡಿದ್ದೀನಿ.

ಆ ಗುಡಾರದವನ ಕಾಗದವನ್ನೂ ಓದಿದೆ. ಒಳ್ಳೇ ಮನುಷ್ಯ. ಬೈದರೆ ಹೀಗೆ ಬೈಯಬೇಕು.

ಈಗ ನಿನ್ನ ಪ್ರಶ್ನೆ. ಮೂವರು ನೋಡಿ ಬರೆದರು, ಸರಿ. ಅದಕ್ಕೆ ಉತ್ತರ ಕೊಡಬೇಕಾದರೆ ನಾನು ನಿನಗೆ ಒಂದು ಮಾತು ಹೇಳಬೇಕು. ಇದನ್ನ ಬರೆಯೋಕೇ ನಾಲ್ಕು ಹಾಳೆ ಹಾಳಾಗಿದೆ.

ಲಿವರ್ ಕಚ್ಚಿಕೊಂಡಿರಲಿಲ್ಲ. ನಾನು ನಿದ್ದೆ ಮಾಡುತ್ತಿದ್ದೆ.

ಹೊಟ್ಟೆ ತುಂಬ ಉಂಡು, ಕ್ಯಾಬಿನ್ನಿನ ಕಿಟಕಿಗೆ ತಲೆ ಕೊಟ್ಟು, ಬಾಯಿ ತೆರೆದುಕೊಂಡು ನಿದ್ದೆ. ಪ್ಲಾಟ್‌ಫಾರಂ ಗುಡಿಸುವವಳು ಮೆಟ್ಟಿಲು ಹತ್ತಿ ಬಂದು ಪೊರಕೆ ಹಿಡಿಯಲ್ಲಿ ತಿವಿದು ಎಬ್ಬಿಸಿದಳು. “ಏಳಿ ಅಣ್ಣಾ, ಗಾಡಿ ಬಂತು!” ಎದ್ದು ಲಿವರಿಗೆ ಕೈ ಹಾಕುವಷ್ಟರಲ್ಲಿ ಕುರಿಗಳ ಕೂಗು. ಮೊದಲಿನಿಂದ ಕೊನೆಯವರೆಗೆ ಎಲ್ಲ ಕಂಡವಳು ಅವಳೊಬ್ಬಳೇ. ಅವಳ ಹೇಳಿಕೆಯನ್ನ ಯಾರೂ ತಗೊಳ್ಳಲಿಲ್ಲ. ಯಾಕೆ? ಸಿಬ್ಬಂದಿ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಪಟ್ಟಿಯಲ್ಲಿ ಇಲ್ಲ ಅಂದರೆ ಅಲ್ಲಿ ಇರಲೇ ಇಲ್ಲ ಅಂತೇನೋ ಅರ್ಥ? ಗುಡಾರದವನ ಪಟ್ಟಿಗೆ ನನ್ನ ಉತ್ತರ ಅಷ್ಟೇ.

ಇನ್ನು ನೋಡಿ ಬರೆದದ್ದು. ನಾವು ನಾಲ್ಕು ಜನ ಆ ಬೆಂಚಿನ ಮೇಲೆ ಕೂತಾಗ ಮೊದಲು ಮಾಡಿದ ಕೆಲಸ ಏನು ಗೊತ್ತಾ? ನಮ್ಮ ನಮ್ಮ ತಪ್ಪು ಹೊಡೆದು ಹಾಕಿದ್ದು. ನನ್ನ ನಿದ್ದೆ ಹೋಯಿತು, ಡ್ರೈವರು ವೇಗ ಇಳಿಸದೆ ಬಂದದ್ದು ಹೋಯಿತು, ಗಾರ್ಡು ಹಿಂದಿನ ಡಬ್ಬಿಯಲ್ಲಿ ಇಸ್ಪೀಟು ಆಡುತ್ತಿದ್ದದ್ದು ಹೋಯಿತು. ಉಳಿದದ್ದು ಒಂದು ಹಸಿರು ದೀಪ. ಕೂತು ಕಥೆ ಕಟ್ಟುವವರು ಮಾಡೋದೇ ಅದು.

ನಿನ್ನ ಜನ ಏನು ಮಾಡಿದ್ದಾರೆ? ಅವರ ಮುಖಂಡ, ಆ ಮೀನು ಹಿಡಿಯೋನು, ಯೇಸುವನ್ನ ಹಿಡಿದುಕೊಂಡು ಹೋದ ರಾತ್ರಿ ಬೆಂಕಿ ಕಾಯಿಸಿಕೊಳ್ಳುತ್ತಾ ಕೂತು ಒಬ್ಬ ಕೆಲಸದವಳ ಮಾತಿಗೆ ಹೆದರಿ, ಯೇಸು ಯಾರೋ ಗೊತ್ತೇ ಇಲ್ಲ ಅಂತ ಮೂರು ಸಲ ಅಂದ. ಮೊದಲನೆಯವನು ಅದನ್ನ ಬರೆದ. ಆಮೇಲೆ ಬಂದವರು ಆ ಮಾತನ್ನ ಹೊಡೆದು ಹಾಕಬಹುದಾಗಿತ್ತು. ಹಾಕಲಿಲ್ಲ. ಬೇರೆಯಾಗಿ ಬರೆದ ನಾಲ್ಕನೆಯವನೂ ಬಿಡಲಿಲ್ಲ. ಅದೇ ರಾತ್ರಿ ಯೇಸು ಕಾವಲು ಕೂತಿರಿ ಅಂದರೆ ಅವನ ಶಿಷ್ಯರು ಗೊರಕೆ ಹೊಡೆದರಂತೆ. ಅದನ್ನೂ ಬಿಟ್ಟಿಲ್ಲ. (ಅದನ್ನ ಓದುವಾಗ ನನಗೆ ಹೇಗಾಗಿರಬೇಕು, ಯೋಚನೆ ಮಾಡು.) ಆ ಕಾಲದಲ್ಲಿ ಹೆಂಗಸಿನ ಸಾಕ್ಷಿಗೆ ಬೆಲೆ ಕಮ್ಮಿಯಾಗಿತ್ತು ಅಂತ ಪುಸ್ತಕದ ಕೆಳಗಿನ ಟಿಪ್ಪಣಿಯಲ್ಲಿದೆ. ಸುಳ್ಳು ಕಟ್ಟುವವನು ಪಟ್ಟಿಯಲ್ಲಿ ಇರೋ ನಾಲ್ಕು ಗಂಡಸರನ್ನ ತಂದು ನಿಲ್ಲಿಸುತ್ತಾನೆ ಕಣೋ, ಪೊರಕೆ ಹಿಡಿದವಳನ್ನಲ್ಲ.

ಆ ಚಿಕ್ಕ ಪುಸ್ತಕದ ಕೊನೆ ನನಗೆ ಬಹಳ ಹಿಡಿಸಿತು. ಹಳೇ ಪ್ರತಿಗಳಲ್ಲಿ ಅದು ಹೆಂಗಸರು ನಡುಗಿ ಓಡಿ, ಹೆದರಿ ಯಾರಿಗೂ ಏನೂ ಹೇಳಲಿಲ್ಲ ಅನ್ನೋದಕ್ಕೇ ನಿಲ್ಲುತ್ತಂತೆ. ಮೊಮ್ಮಕ್ಕಳಿಗೆ ಹೇಳೋ ಕಥೆ ಹಾಗೆ ಮುಗಿಯಲ್ಲ. ವಿಚಾರಣೆಯ ಹೇಳಿಕೆ ಹಾಗೆ ಮುಗಿಯುತ್ತೆ.

ಸತ್ತವನು ಎದ್ದ ಅಂತ ನಾನು ಒಪ್ಪಿದೆ ಅಂದುಕೊಳ್ಳಬೇಡ. ಅದು ನನಗೆ ಗೊತ್ತಿಲ್ಲ. ಬರೆದವರು ಹಗಲಲ್ಲಿ ದೀಪ ಹಚ್ಚಿದವರಲ್ಲ ಅಂತ ಅಷ್ಟೇ ನಾನು ರುಜು ಹಾಕೋದು. ಉಳಿದದ್ದು ನಿನ್ನ ಕಸುಬು.

ನಿದ್ದೆಯ ವಿಷಯ ನಿಮ್ಮಮ್ಮನಿಗೆ ಗೊತ್ತಿಲ್ಲ. ಅವಳಿಗೆ ಇವತ್ತಿಗೂ ಲಿವರೇ ಕಚ್ಚಿಕೊಂಡಿರೋದು. ಹೇಳಿದೆಯೋ ನೋಡು.

ಮಾವ


ಏಪ್ರಿಲ್ 30

ಏನೋ, ಬದುಕಿದ್ದೀಯಾ?

ಒಂದು ತಿಂಗಳಾಯಿತು. ನಲವತ್ತು ವರ್ಷ ಮುಚ್ಚಿಟ್ಟಿದ್ದನ್ನ ಬಿಚ್ಚಿ ಬರೆದರೆ ಒಂದು ಸಾಲು ಉತ್ತರ ಇಲ್ಲ. ನನ್ನ ನಿದ್ದೆ ಕಥೆಯನ್ನೂ ಊಟದ ಹೊತ್ತಿನಲ್ಲಿ ಓದಿ ನಗುತ್ತಿದ್ದೀಯಾ? ನಗು. ಆದರೆ ಬರಿ.

ನಿಲುವಂಗಿಗೆ ಕತ್ತರಿ ಬಿದ್ದಾಯಿತು. ನಾನು ತಡೆಯಲಿಲ್ಲ. ಅಳತೆಗೆ ನಿನ್ನ ಬದಲು ನನ್ನನ್ನ ಸ್ಟೂಲಿನ ಮೇಲೆ ನಿಲ್ಲಿಸಿ ಗುಂಡುಸೂಜಿ ಚುಚ್ಚುತ್ತಿದ್ದಾಳೆ. ಶಾಪಿನವನು ಕಿಟಕಿಯಲ್ಲಿ ನೋಡಿಬಿಟ್ಟ. ಈಗ ದೀಕ್ಷೆ ತಗೊಳ್ಳೋನು ನಾನೇ ಅಂತ ಸುದ್ದಿ.

ಮೇ 31 ದೂರ ಇಲ್ಲ.

ಮಾವ


ಮೇ 12

ಪ್ರೀತಿಯ ಮಾವ,

ತಪ್ಪಾಯಿತು. ನಿಮ್ಮ ಕಾಗದವನ್ನು ಯಾರಿಗೂ ಓದಿ ಹೇಳಲಿಲ್ಲ. ಅದು ದಿಂಬಿನ ಕೆಳಗಿದೆ. ನೀವು ಅಷ್ಟು ನೇರವಾಗಿ ಬರೆದ ಮೇಲೆ ನಾನು ನಿಮಗೆ ಇನ್ನೂ ಹಸಿರು ದೀಪವನ್ನೇ ತೋರಿಸುತ್ತಿದ್ದೇನೆ ಎಂದು ನಾಚಿಕೆಯಾಯಿತು. ಅದಕ್ಕೇ ಪೆನ್ನು ಏಳಲಿಲ್ಲ.

ನಾಲ್ಕು ಪುಸ್ತಕಗಳ ಗೊಂದಲ ನಿಜ. ಆದರೆ ನಾನು ಬಿಡಲು ಹೊರಟದ್ದು ಅದಕ್ಕಲ್ಲ.

ಶನಿವಾರಗಳಂದು ನಾವು ರೋಗಿಗಳನ್ನು ಮಾತಾಡಿಸಲು ಆಸ್ಪತ್ರೆಗೆ ಹೋಗುತ್ತೇವೆ. ಜನವರಿಯಲ್ಲಿ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಅಜ್ಜಿ ಇದ್ದಳು, ಜೀವಮಾನವೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದವಳು. ಉಸಿರು ಕಷ್ಟ. ನನ್ನ ಕೈ ಹಿಡಿದು, “ಮಗಾ, ಸಮಾಧಿ ಹತ್ತಿರ ಆ ಹೆಂಗಸರು ನಿಜವಾಗಿ ನೋಡಿದರಾ?” ಎಂದು ಕೇಳಿದಳು. ಹಿಂದಿನ ದಿನವಷ್ಟೇ ಆ ಪಾಠವಾಗಿತ್ತು. ನನ್ನ ತಲೆಯಲ್ಲಿ ನಾಲ್ಕು ಕಾಲಂ, ಇಸವಿಗಳು, ಹಸ್ತಪ್ರತಿಗಳು. “ಕುಡಿಯೋಕೆ ನೀರು ತರ್ತೀನಿ ಅಜ್ಜಿ” ಎಂದು ಎದ್ದೆ. ಮಾವ, ನಾನು ವಾಪಸ್ಸು ಹೋಗಲಿಲ್ಲ. ಹಿಂಬಾಗಿಲಿನಿಂದ ಬಸ್ ನಿಲ್ದಾಣಕ್ಕೆ ನಡೆದುಬಿಟ್ಟೆ. ಮುಂದಿನ ಶನಿವಾರ ಹಾಸಿಗೆ ಖಾಲಿ, ಹೊಸ ಹೊದಿಕೆ ಹಾಸಿತ್ತು. ಯಾರನ್ನೂ ಕೇಳುವ ಧೈರ್ಯವಾಗಲಿಲ್ಲ. ಸಾಯುವವಳನ್ನು ಬಿಟ್ಟು ಓಡಿದವನು ಪಾದ್ರಿಯಾಗುವುದು ಹೇಗೆ? ಅದನ್ನು ಬರೆಯುವ ಬದಲು ನಿಮಗೆ ಇತಿಹಾಸ ಬರೆದೆ.

“ಬದುಕಿದ್ದೀಯಾ” ಎಂದು ಕೇಳಿದ ನಿಮ್ಮ ಕಾಗದ ಬಂದ ಮೇಲೆ ಕೊನೆಗೂ ಹೋಗಿ ನರ್ಸನ್ನು ಕೇಳಿದೆ. ಆಕೆ ಪುಸ್ತಕ ತಿರುಗಿಸಿ, “ಆ ಇಸ್ತ್ರಿ ಅಜ್ಜಿಯೇ? ವಾರ್ಡಿನವರಿಗೆಲ್ಲ ಬೈದು, ವಾಸಿ ಮಾಡಿಕೊಂಡು ಮನೆಗೆ ಹೋದಳಲ್ಲ!” ಎಂದರು.

ವಿಳಾಸ ಹಿಡಿದು ಹೋದೆ. ಎರಡನೇ ಮಹಡಿ. ಬಾಗಿಲು ತೆಗೆದು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ನೀರು ತಂದೆಯಾ?” ಎಂದಳು.

ನಾನು ಹೊಸ್ತಿಲಲ್ಲೇ ಎಲ್ಲ ಒಪ್ಪಿಸಿದೆ. ಓಡಿಹೋದದ್ದು, ನಾಲ್ಕು ಕಥೆ, ನಿಮ್ಮ ಕುರಿ, ನಿಮ್ಮ ನಿದ್ದೆ. (ಕ್ಷಮಿಸಿ, ಅಮ್ಮನಿಗೆ ಹೇಳಬೇಡ ಎಂದಿದ್ದಿರಿ, ಅಜ್ಜಿಗೆ ಹೇಳಬೇಡ ಎಂದಿರಲಿಲ್ಲ.) ಆ ಹೆಂಗಸರು ಏನೋ ಕಂಡರು ಎಂದು ನನಗೆ ಅನ್ನಿಸುತ್ತದೆ, ನಂಬುತ್ತೇನೆ, ಆದರೆ ತೋರಿಸಿಕೊಡಲಾರೆ ಎಂದೆ. ಅಜ್ಜಿ, “ಇಷ್ಟೇನಾ? ಆವತ್ತೇ ಇಷ್ಟು ಹೇಳಿ ಪಕ್ಕದಲ್ಲಿ ಕೂತಿದ್ದರೆ ಆಗ್ತಿತ್ತಲ್ಲೋ. ನಾನೇನು ನಿನಗೆ ಪರೀಕ್ಷೆ ಇಟ್ಟಿದ್ದೆನಾ? ಬಾ ಒಳಗೆ” ಎಂದಳು. ನನ್ನ ಅಂಗಿಯನ್ನು ನೋಡಿ ಸಹಿಸಲಾರದೆ ಬಿಚ್ಚಿಸಿ ಇಸ್ತ್ರಿ ಮಾಡಿದಳು. ಬನಿಯನ್ನಿನಲ್ಲಿ ಕೂತು ಎರಡು ಲೋಟ ನೀರು ಕುಡಿದೆ.

ನಿನ್ನೆ ಒಪ್ಪಿಗೆ ಪತ್ರ ಕೊಟ್ಟೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತೇನೆ, ಎದ್ದು ಮಾತ್ರ ಹೋಗುವುದಿಲ್ಲ ಎಂದು ಅದರಲ್ಲಿ ಬರೆದಿದ್ದೇನೆ. ರೆಕ್ಟರ್ ಓದಿ, ಮಡಿಸಿ ಜೇಬಿಗೆ ಹಾಕಿಕೊಂಡು ಊಟಕ್ಕೆ ಕರೆದುಕೊಂಡು ಹೋದರು.

28ಕ್ಕೆ ಮೊದಲ ಸಾಲಿನಲ್ಲಿ ನಿಮ್ಮ ಜಾಗ. ಪೂರ್ತಿ ಕಟಿಂಗ್ ಮಾಡಿಸಿಕೊಂಡು ಬನ್ನಿ.

ನಿಮ್ಮ ಅಳಿಯ


ಜೂನ್ 30

ಅಳಿಯ ದೇವರಿಗೆ, ಈಗ ನಿಜವಾಗಿಯೂ ದೇವರ ಕಡೆಯವನು, ಆದರೂ ನನಗೆ ನೀನು ನೀನೇ,

ಸುಖವಾಗಿ ಮನೆ ಸೇರಿದೆವು. ನಾನು, ನಿಮ್ಮಮ್ಮ, ಮತ್ತೆ ಕರೆಯದೇ ಬಂದ ಆ ಶಾಪಿನವನು. ಗಾಡಿ ನಿಮ್ಮ ಊರು ಬಿಟ್ಟು ಎರಡು ಸ್ಟೇಷನ್ ದಾಟಿರಲಿಲ್ಲ, ಆಗಲೇ ಮೂರು ಸುವಾರ್ತೆ ಆಗಿಹೋಗಿತ್ತು. ಶಾಪಿನವನು ಎದುರು ಸೀಟಿನವರಿಗೆ ಮೂರು ಸಾವಿರ ಜನ ಸೇರಿದ್ದರು ಅಂದ. ನಾನು ಬೆಂಚು ಎಣಿಸಿದ್ದೀನಿ, ನಾನೂರರ ಮೇಲೆ ಒಂದು ನೊಣ ಇರಲಿಲ್ಲ. ದೀಕ್ಷೆಯ ಹೊತ್ತಲ್ಲಿ ನೀನು ಪೀಠದ ಮುಂದೆ ಬೋರಲು ಮಲಗಿದಾಗ ಮೇಲಿನ ಕಿಟಕಿಯಿಂದ ಬಿಸಿಲು ಸರಿಯಾಗಿ ನಿನ್ನ ಮೇಲೇ ಬಿತ್ತು ಅಂತ ನಿಮ್ಮಮ್ಮ. ಮೋಡ ಇತ್ತು ಕಣೇ ಅಂದೆ. ಇರಲಿಲ್ಲ ಅಂದಳು. ಜೋರು ಜಗಳ. ನೀನು ಹಾಗೆ ನೆಲದ ಮೇಲೆ ಬಿದ್ದಾಗ ತಲೆ ತಿರುಗಿತೇನೋ ಅಂತ ನಾನು “ನೀರು, ನೀರು” ಅಂತ ಎದ್ದು ಕೂಗಿದೆನಂತೆ, ಪಕ್ಕದಲ್ಲಿದ್ದ ಒಬ್ಬಳು ಮುದುಕಿ ಅಂಗಿ ಹಿಡಿದು ಎಳೆದು ಕೂರಿಸಿ, “ಸುಮ್ಮನೆ ಕೂತ್ಕೊಳ್ಳಿ, ಹಾಗೆ ಮಲಗೋದೇ ಕ್ರಮ. ನೀರಿನ ಹುಚ್ಚು ನಿಮ್ಮ ಮನೆತನಕ್ಕೇ ಇದೆಯಾ?” ಅಂದಳಂತೆ. ಅವಳು ಯಾರು ಅಂತ ಆಮೇಲೆ ಗೊತ್ತಾಯಿತು. ಇಸ್ತ್ರಿ ಕಾಣದ ನನ್ನ ಕಾಲರ್ ನೋಡಿ ಮುಖ ಸಿಂಡರಿಸಿದಳು.

ಗಾಡಿಯಲ್ಲಿ ಧೈರ್ಯ ಮಾಡಿ ತಂಗಿಗೆ ಹೇಳಿಬಿಟ್ಟೆ. “ನೋಡು, ಆವತ್ತು ಲಿವರ್ ಕಚ್ಚಿಕೊಂಡಿರಲಿಲ್ಲ.” ಅವಳು ತಿಂಡಿ ಡಬ್ಬಿ ಮುಚ್ಚಳ ತೆಗೆಯುತ್ತಾ ತಲೆ ಎತ್ತದೇ, “ನಿದ್ದೆ ಮಾಡ್ತಿದ್ದೆ, ಗೊತ್ತು” ಅಂದಳು. “ಯಾರೇ ಹೇಳಿದ್ದು?” “ಗುಡಿಸುವವಳು. ಅದೇ ವಾರ ರವಿಕೆ ಹೊಲಿಸೋಕೆ ಬಂದಿದ್ದಳು.” ನಲವತ್ತು ವರ್ಷ! ನನ್ನ ಕಥೆಗೆ ತಲೆದೂಗುತ್ತಾ ಕೂತಿದ್ದಳಲ್ಲೋ. ಕೇಳಿದರೆ, “ನೀನು ಅಷ್ಟು ಚೆನ್ನಾಗಿ ಹೇಳ್ತಿದ್ದೆ, ನಡುವೆ ಬಾಯಿ ಹಾಕೋದು ಯಾಕೆ ಅಂತ” ಅಂದಳು. ಮೇಜು ಕುಂಟುತ್ತೆ ಅಂದದ್ದನ್ನೂ ಅವಳು ನಂಬಿರಲಿಲ್ಲವಂತೆ. ಪುಸ್ತಕದಲ್ಲಿ ಗುರುತಿಗೆ ಇಟ್ಟ ರೈಲು ಟಿಕೆಟ್ಟು ದಿನಾ ಮುಂದೆ ಮುಂದೆ ಹೋಗೋದನ್ನ ನೋಡುತ್ತಿದ್ದಳಂತೆ.

ಈಗ ಮುಖ್ಯ ಮಾತು. ನಿಮ್ಮಮ್ಮ ಒಂದು ವಿಷಯ ಬರೆದಿರುತ್ತಾಳೆ, ಶಾಪಿನವನು ಬೀದಿಗೆಲ್ಲ ಸಾರಿದ್ದಾನೆ, ನಾನು ಎರಡು ದಿನದಿಂದ ಅಲ್ಲಗಳೆಯುತ್ತಾ ಬಂದಿದ್ದೀನಿ. ಧೂಪದ ಹೊಗೆ ಅಂದೆ. ಮೂರು ಸಲ ಅಂದೆ. ಮೂರನೇ ಸಲ ಅಂದಾಗ ಎಲ್ಲೋ ಓದಿದ್ದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಅದಕ್ಕೇ ಬೇರೆ ಕೋಣೆಯಲ್ಲಿ ಒಬ್ಬನೇ ಕೂತು, ಯಾರದ್ದನ್ನೂ ನೋಡದೆ, ರೂಲ್ಸ್ ಪ್ರಕಾರ ಬರೆದುಕೊಡುತ್ತಿದ್ದೀನಿ. ಇಟ್ಟುಕೋ.

ಹೇಳಿಕೆ.
ದಿನ: ಜೂನ್ 28. ಹೊತ್ತು: ಹಗಲು, ಹನ್ನೊಂದೂವರೆ.
ದೀಪ: ಮೇಣದ್ದು ಆರು ಇದ್ದವು. ಬಣ್ಣ ಹಸಿರಲ್ಲ.
ಜನ: ನಾನೂರು. ಬಿಸಿಲು: ನಾನು ಕಾಣಲಿಲ್ಲ, ತಂಗಿ ಕಂಡಳಂತೆ. ಅವಳದ್ದು ಬೇರೆ ಕಣ್ಣು.
ನಿದ್ದೆ: ಒಂದು ನಿಮಿಷವೂ ಇಲ್ಲ.
ಹುಡುಗ ನೆಲದಿಂದ ಎದ್ದು ನಿಂತು ನಮ್ಮ ಕಡೆ ತಿರುಗಿದಾಗ ಕೆಳಗೆ ರುಜು ಮಾಡಿದವನು ಅತ್ತದ್ದು ಹೌದು. ಹೊಗೆ ಇರಲಿಲ್ಲ.

ರುಜು,
ಮಾವ